ಒಬ್ಬರು ವಿಪಿಎನ್ ಹಾಕಿದರೆ ಇನ್ನೊಬ್ಬರದು ಬೀಳುತ್ತದೆ: ಐದು ಕಂಪ್ಯೂಟರ್, ದೋಷ ಸಂಖ್ಯೆ 809, ಮೂರೇ ದಿನ ಬಾಕಿ

ಲೆಕ್ಕದ_ಪುಸ್ತಕ · ಜೂನ್ 17, ಬೆಳಿಗ್ಗೆ 10:42
ಸಾಗರದಲ್ಲಿ ಲೆಕ್ಕಪರಿಶೋಧಕರ ಶಾಖಾ ಕಚೇರಿ ನಮ್ಮದು. ಐದು ಮೇಜು, ಐದು ಕಂಪ್ಯೂಟರ್, ಎಲ್ಲದರಲ್ಲೂ ವಿಂಡೋಸ್. ಅಡಿಕೆ ಮಂಡಿಯವರ, ಅಂಗಡಿಯವರ ಲೆಕ್ಕದ ಫೈಲುಗಳೆಲ್ಲ ಬೆಂಗಳೂರಿನ ಮುಖ್ಯ ಕಚೇರಿಯ ಸರ್ವರ್‌ನಲ್ಲಿವೆ. ಮೂರು ದಿನದ ಹಿಂದೆ ಹೊಸ ಫೈಬರ್ ಸಂಪರ್ಕ ಹಾಕಿಸಿದೆವು. ಅಂದಿನಿಂದ ಬೆಂಗಳೂರಿನ ಫೋಲ್ಡರ್ ತೆರೆಯುತ್ತಿಲ್ಲ.

ಪರದೆಯ ಮೇಲೆ ವಿಪಿಎನ್ ಎಂಬ ಐಕಾನ್ ಇದೆ, ದೂರದಿಂದಲೇ ಮುಖ್ಯ ಕಚೇರಿಯ ಜಾಲದೊಳಗೆ ಹೋಗುವ ಗುಪ್ತ ದಾರಿಯಂತೆ ಅದು. ಒತ್ತಿದರೆ ಸಂಪರ್ಕವಾಗುತ್ತದೆ, ಆದರೆ ಒಬ್ಬರಿಗೆ ಮಾತ್ರ. ಎರಡನೆಯವರು ಒತ್ತಿದರೆ ಒಂದೋ ಅವರಿಗೆ 809 ಎಂಬ ದೋಷ ಸಂಖ್ಯೆ ಬರುತ್ತದೆ, ಇಲ್ಲವೇ ಮೊದಲಿನವರದು ಬೀಳುತ್ತದೆ. ನಿನ್ನೆಯಿಂದ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಹಾಗೆ ಸರದಿಯಲ್ಲಿ ಕೆಲಸ ಮಾಡುತ್ತಿದ್ದೇವೆ. 20ನೇ ತಾರೀಖು ಜಿಎಸ್‌ಟಿಯ ತಿಂಗಳ ಲೆಕ್ಕಪತ್ರವಾದ ಜಿಎಸ್‌ಟಿಆರ್-3ಬಿಗೆ ಕೊನೆಯ ದಿನ. ಫೈಬರ್‌ನವರು ‘ನಿಮಗೆ ಇಂಟರ್ನೆಟ್ ಬರುತ್ತಿದೆಯಲ್ಲ’ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇದನ್ನು ನೋಡಿಕೊಳ್ಳುವವರು ಹೊಸಬರು, ‘ಐಕಾನ್ ಒತ್ತಿ, ಅಷ್ಟೇ’ ಎನ್ನುತ್ತಾರೆ. ಪ್ರಿಂಟರ್ ಕೂಡ ಅದೇ ದಿನ ಕೈಕೊಟ್ಟಿದೆ. ಅದು ಬೇರೆ ಕಥೆ, ರಿಪೇರಿಯವರಿಗೆ ಹೇಳಿದ್ದೇನೆ.

ರೀಸ್ಟಾರ್ಟ್_ರಾಯರು · 10:44
ರೂಟರ್ ಆಫ್ ಮಾಡಿ ಆನ್ ಮಾಡಿದಿರಾ ಸರ್?

ಲೆಕ್ಕದ_ಪುಸ್ತಕ · 10:47
ಏಳು ಸಲ. ಮತ್ತು ನಾನು ಸರ್ ಅಲ್ಲ, ಮೇಡಂ.

ರೀಸ್ಟಾರ್ಟ್_ರಾಯರು · 10:48
ಕ್ಷಮಿಸಿ ಮೇಡಂ. ಆಫ್ ಮಾಡಿದ ಮೇಲೆ ಎರಡು ನಿಮಿಷ ಬಿಟ್ಟಿರಾ?

ಹನ್ನೆರಡು_ಮೇಜು · 10:59
ಐದೂ ಜನ ಒಂದೇ ಬಳಕೆದಾರರ ಹೆಸರು, ಒಂದೇ ಪಾಸ್‌ವರ್ಡ್ ಹಾಕುತ್ತಿರಬೇಕು. ಎರಡನೆಯವರು ಒಳಗೆ ಬಂದ ಕೂಡಲೇ ಸರ್ವರ್ ಮೊದಲಿನವರನ್ನು ಹೊರಗೆ ಹಾಕುತ್ತದೆ. ಸಣ್ಣ ಕಚೇರಿಗಳಲ್ಲೆಲ್ಲ ಇದೇ ರೋಗ. ಒಬ್ಬರ ಹೆಸರಿನಲ್ಲಿ ಊರೆಲ್ಲ ಪಾಸ್‌ಬುಕ್ ಬರೆಸುವುದು.

ಲೆಕ್ಕದ_ಪುಸ್ತಕ · 11:06
ಇಲ್ಲ, ಐವರಿಗೂ ಬೇರೆ ಬೇರೆ ಹೆಸರಿದೆ. ಲಾಕ್‌ಡೌನ್ ಸಮಯದಲ್ಲಿ ಮನೆಯಿಂದ ಕೆಲಸ ಮಾಡಲೆಂದು ಕೊಟ್ಟಿದ್ದರು.

ಗುಡ್ಡದ_ಗಾಳಿ · 11:15
ವಿಂಡೋಸ್ ಅಪ್‌ಡೇಟ್ ಆಗಿರಬೇಕು. ಇತ್ತೀಚಿನ ಅಪ್‌ಡೇಟ್ ಕಿತ್ತು ಹಾಕಿ ನೋಡಿ. 2022ರ ಜನವರಿಯಲ್ಲಿ ಹೀಗೇ ಆಗಿತ್ತು. ಆ ತಿಂಗಳ ಅಪ್‌ಡೇಟ್ ಹಾಕಿಕೊಂಡವರ ಎಲ್2ಟಿಪಿ ಎಂಬ ಬಗೆಯ ವಿಪಿಎನ್ ನಿಂತುಹೋಯಿತು, ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡು 17ರಂದು ಪ್ರತ್ಯೇಕ ಪರಿಹಾರ ಬಿಡುಗಡೆ ಮಾಡಿತು.

ತಂತಿಜಾಲ · 11:21
ಅಪ್‌ಡೇಟ್ ಕಾರಣವಾದರೆ ಮೊದಲನೆಯವರಿಗೂ ಆಗಬಾರದಿತ್ತಲ್ಲ? ಅಪ್‌ಡೇಟ್ ಕೀಳಬೇಡಿ.

ಮೇಡಂ, ಎರಡು ಪ್ರಶ್ನೆ. ಒಂದು, ಸೆಟ್ಟಿಂಗ್ಸ್‌ನಲ್ಲಿ ಆ ವಿಪಿಎನ್ ಯಾವ ಬಗೆಯದು ಎಂದು ಬರೆದಿದೆ? ಎರಡು, ಮೊಬೈಲ್ ಹಾಟ್‌ಸ್ಪಾಟ್‌ನಿಂದ ಪ್ರಯತ್ನಿಸಿದ್ದೀರಾ?

ಲೆಕ್ಕದ_ಪುಸ್ತಕ · 11:40
ಎಲ್2ಟಿಪಿ/ಐಪಿಸೆಕ್ ಎಂದಿದೆ. ನನ್ನ ಮೊಬೈಲ್‌ಗೆ ಒಬ್ಬರು, ಇನ್ನೊಬ್ಬರ ಮೊಬೈಲ್‌ಗೆ ಇನ್ನೊಬ್ಬರು ಜೋಡಿಸಿಕೊಂಡರೆ ಇಬ್ಬರದೂ ಆಗುತ್ತದೆ. ಒಂದೇ ಮೊಬೈಲ್‌ಗೆ ಇಬ್ಬರೂ ಜೋಡಿಸಿಕೊಂಡರೆ ಮತ್ತೆ ಜಗಳ.

ತಂತಿಜಾಲ · 11:58
ಹಾಗಾದರೆ ಹೊಸ ಫೈಬರ್ ತಪ್ಪಿತಸ್ಥನಲ್ಲ. ಇದು ಎಲ್2ಟಿಪಿ/ಐಪಿಸೆಕ್‌ನ ಹುಟ್ಟುಗುಣ. ಎಲ್2ಟಿಪಿ ದಾರಿ ಮಾಡುತ್ತದೆ, ಐಪಿಸೆಕ್ ಅದಕ್ಕೆ ಬೀಗ ಹಾಕುತ್ತದೆ. ಕಚೇರಿಯ ಐದೂ ಕಂಪ್ಯೂಟರ್ ಹೊರಗಿನವರಿಗೆ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತವೆ, ರೂಟರ್ ಮಾಡುವ ನ್ಯಾಟ್ ಎಂದರೆ ಅದೇ. ಒಂದೇ ವಿಳಾಸದ ಹಿಂದೆ ಇಬ್ಬರು ಎಲ್2ಟಿಪಿ ಗಿರಾಕಿಗಳಿದ್ದರೆ ಅನೇಕ ಸರ್ವರ್‌ಗಳಿಗೆ ಅವರನ್ನು ಬೇರ್ಪಡಿಸಲು ಬರುವುದಿಲ್ಲ. ಮನೆಗೆ ಹೆಸರಿಲ್ಲದ ಕಾಗದ ಬಂದರೆ ಅಂಚೆಯವನು ಏನು ಮಾಡುತ್ತಾನೆ? ಕೊನೆಗೆ ಬಾಗಿಲು ತೆರೆದವರ ಕೈಗೆ ಕೊಟ್ಟು ಹೋಗುತ್ತಾನೆ. ಮೊದಲಿನವರು ಕಾಯುತ್ತಲೇ ಕೂರುತ್ತಾರೆ.

ಹನ್ನೆರಡು_ಮೇಜು · 12:03
ಒಪ್ಪುವುದಿಲ್ಲ. ನಮ್ಮಲ್ಲಿ ಹನ್ನೆರಡು ಜನ ಒಂದೇ ರೂಟರ್‌ನಿಂದ ಏಕಕಾಲಕ್ಕೆ ವಿಪಿಎನ್ ಹಾಕುತ್ತೇವೆ. ಐದು ವರ್ಷದಿಂದ.

ತಂತಿಜಾಲ · 12:05
ನಿಮ್ಮದು ಯಾವ ಬಗೆಯದು ಸ್ವಾಮಿ?

ಹನ್ನೆರಡು_ಮೇಜು · 12:19
ಕೇಳಿ ಬಂದೆ. 443ನೇ ಪೋರ್ಟ್‌ನಲ್ಲಿ, ಅಂದರೆ ವೆಬ್ ಪುಟಗಳು ಬರುವ ಬಾಗಿಲಿನಲ್ಲೇ, ಹೋಗುವ ಎಸ್‌ಎಸ್‌ಎಲ್ ಬಗೆಯದಂತೆ.

ತಂತಿಜಾಲ · 12:20
ಅದು ಬ್ರೌಸರ್‌ನಲ್ಲಿ ಬ್ಯಾಂಕಿನ ಪುಟ ತೆರೆದ ಹಾಗೆ, ಹನ್ನೆರಡಲ್ಲ ನೂರಿಪ್ಪತ್ತು ಜನರೂ ಹೋಗಬಹುದು. ಓಪನ್‌ವಿಪಿಎನ್, ವೈರ್‌ಗಾರ್ಡ್ ಎಂಬ ಬಗೆಗಳಿಗೂ ಈ ತೊಡಕಿಲ್ಲ. ಇಡ್ಲಿ ತಿಂದವರು ದೋಸೆಯ ರುಚಿ ಹೇಳಬಾರದು.

ಹನ್ನೆರಡು_ಮೇಜು · 12:22
ಸರಿ, ಒಪ್ಪಿದೆ. ದೋಸೆ ಎಂದು ಮೊದಲೇ ಬರೆಯಬಹುದಿತ್ತು.

ಸರಳ_ದಾರಿ · 12:30
ಅದಕ್ಕೇಕೆ ಇಷ್ಟು ತಲೆಬಿಸಿ? ಬೆಂಗಳೂರಿನವರಿಗೆ ಹೇಳಿ ಪಿಪಿಟಿಪಿ ಎಂಬ ಸರಳ ಬಗೆಯ ವಿಪಿಎನ್ ಮಾಡಿಸಿ. 1723ನೇ ಪೋರ್ಟ್ ತೆರೆದರೆ ಮುಗಿಯಿತು, ಹತ್ತು ನಿಮಿಷದ ಕೆಲಸ.

ವೈಟ್‌ಫೀಲ್ಡ್_ವಾಸಿ · 12:34
ದಯವಿಟ್ಟು ಬೇಡ. ಅದರಲ್ಲಿ ಪಾಸ್‌ವರ್ಡ್ ಪರಿಶೀಲಿಸುವ ಪದ್ಧತಿಯನ್ನು ಒಂದು ದಿನದೊಳಗೆ ಒಡೆಯಬಹುದೆಂದು 2012ರಲ್ಲೇ ತೋರಿಸಿಕೊಟ್ಟಿದ್ದಾರೆ. ಆಪಲ್ 2016ರಲ್ಲಿ ತನ್ನ ಫೋನ್, ಕಂಪ್ಯೂಟರ್ ಎರಡರಿಂದಲೂ ಅದನ್ನು ತೆಗೆದುಹಾಕಿತು. ಊರವರ ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆಗಳೆಲ್ಲ ಇರುವ ಕಚೇರಿಯ ಬಾಗಿಲಿಗೆ ಸೆಣಬಿನ ಹಗ್ಗ ಕಟ್ಟುತ್ತೀರಾ? ಮೇಲಾಗಿ ಪಿಪಿಟಿಪಿಗೆ 1723 ಒಂದೇ ಸಾಲದು, ಮಾಹಿತಿಯನ್ನು ಹೊತ್ತೊಯ್ಯುವ ಜಿಆರ್‌ಇ ಎಂಬ ಇನ್ನೊಂದು ವಿಧಾನವೂ ರೂಟರ್ ದಾಟಬೇಕು. ಎಷ್ಟೋ ರೂಟರ್‌ಗಳು ಅದನ್ನು ಬಿಡುವುದಿಲ್ಲ.

ಕರಾವಳಿ_ಕಂಪ್ಯೂಟರ್ · 1:10
ಮೇಡಂ, ನಿಮ್ಮ ರೋಗಕ್ಕೆ ಇದು ಮದ್ದಲ್ಲ, ಆದರೂ ಹೇಳುತ್ತೇನೆ. ವಿಪಿಎನ್ ಹುಡುಕಿಕೊಂಡು ಬಂದವರಿಗೆ ಉಪಯೋಗವಾದೀತು.

ನನ್ನದು ರಿಪೇರಿ ಅಂಗಡಿ. ಒಂದು ಕಚೇರಿಯಿಂದ ದೂರು ಬಂತು: ಗುಮಾಸ್ತರೊಬ್ಬರ ಕಂಪ್ಯೂಟರ್‌ನಲ್ಲಿ ಬೆಳಿಗ್ಗೆ ವಿಪಿಎನ್ ಆಗುವುದಿಲ್ಲ, ತಿಂಡಿ ತಿಂದು ಬಂದ ಮೇಲೆ ಆಗುತ್ತದೆ. ಪ್ರತಿದಿನ. ಅವರು ಪಾಪ ಬೆಳಿಗ್ಗೆ ಎಲ್ಲರೂ ಬಳಸುವುದರಿಂದ ದಾರಿ ಕಟ್ಟಿಕೊಂಡಿರುತ್ತದೆ ಎಂದು ನಂಬಿದ್ದರು. ನಾನು ಒಂಬತ್ತು ಗಂಟೆಗೇ ಹೋಗಿ ಕೂತೆ. ಸ್ವಿಚ್ ಹಾಕಿದರು. ಪರದೆಯ ಮೂಲೆಯಲ್ಲಿ ನೋಡುತ್ತೇನೆ, ಇಸವಿ 2011! ಗುರುತು ಖಾತ್ರಿಮಾಡುವ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ ಎಂದು ವಿಪಿಎನ್ ಒಳಗೆ ಬಿಡುತ್ತಿಲ್ಲ. ಸ್ವಲ್ಪ ಹೊತ್ತಿನ ನಂತರ ವಿಂಡೋಸ್ ತಾನಾಗಿಯೇ ಇಂಟರ್ನೆಟ್‌ನಿಂದ ಸಮಯ ಸರಿಪಡಿಸಿಕೊಳ್ಳುತ್ತದೆ, ಅಷ್ಟರಲ್ಲಿ ಇವರು ತಿಂಡಿ ಮುಗಿಸಿರುತ್ತಾರೆ. ರಾತ್ರಿ ಗೋಡೆಯ ಸ್ವಿಚ್ ಆರಿಸಿ ಹೋದರೆ ಗಡಿಯಾರ ಮತ್ತೆ ಹಿಂದಕ್ಕೆ. ಮದರ್‌ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಸತ್ತಿತ್ತು. ಹೊಸದು ಹಾಕಿದೆ. ಗುಮಾಸ್ತರ ಮುಖ ಸ್ವಲ್ಪ ಬಾಡಿತು, ಬೆಳಗಿನ ಬಿಡುವು ಹೋಯಿತಲ್ಲ.

ವೈಟ್‌ಫೀಲ್ಡ್_ವಾಸಿ · 1:18
ಮೊಬೈಲ್ ಆ್ಯಪ್‌ನಲ್ಲಿ ಬರುವ ಆರಂಕಿಯ ಕೋಡ್‌ಗೂ ಇದೇ ತೊಂದರೆ. ಅದು 30 ಸೆಕೆಂಡಿಗೊಮ್ಮೆ ಗಡಿಯಾರ ನೋಡಿಕೊಂಡೇ ಬದಲಾಗುತ್ತದೆ. ಫೋನಿನ ಸಮಯವನ್ನು ಐದು ನಿಮಿಷ ಮುಂದೆ ಇಟ್ಟುಕೊಳ್ಳುವ ಪುಣ್ಯಾತ್ಮರು ನಮ್ಮ ತಂಡದಲ್ಲಿದ್ದಾರೆ. ಬಸ್ ತಪ್ಪುವುದಿಲ್ಲವಂತೆ. ವಿಪಿಎನ್ ತಪ್ಪುತ್ತದೆ.

ನುಡಿಗಾರ · 1:25
ವಿಪಿಎನ್‌ಗೆ ಕನ್ನಡದಲ್ಲಿ ಏನೆನ್ನಬಹುದು? ವಿಪಿಎನ್ ಮಾಡುವ ದಾರಿಗೆ ಟನಲ್ ಎನ್ನುತ್ತಾರಲ್ಲ, ಅದನ್ನು ‘ಸುರಂಗ’ ಎಂದೇ ಬರೆಯಿರಿ, ಚೆನ್ನಾಗಿರುತ್ತದೆ.

ಕರಾವಳಿ_ಕಂಪ್ಯೂಟರ್ · 1:31
ನಮ್ಮ ಕಡೆ ಸುರಂಗ ಎಂದರೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವುದು. ಕಾಸರಗೋಡು, ದಕ್ಷಿಣ ಕನ್ನಡದ ತೋಟಗಳಲ್ಲಿ ಇವತ್ತಿಗೂ ಇವೆ. ಅದರಲ್ಲಿ ಬೇಸಿಗೆಯಲ್ಲೂ ನೀರು ಬರುತ್ತದೆ. ಈ ಸುರಂಗದಲ್ಲಿ ಮಳೆಗಾಲದಲ್ಲೇ ಬರುತ್ತಿಲ್ಲ.

ಪುಕ್ಕಟೆ_ಪ್ರಿಯ · 1:50
ಪ್ಲೇ ಸ್ಟೋರ್‌ನಲ್ಲಿ ಎಷ್ಟೊಂದು ಉಚಿತ ವಿಪಿಎನ್ ಇವೆ, ಒಂದನ್ನು ಹಾಕಿಕೊಂಡರೆ ಆಗುವುದಿಲ್ಲವೇ?

ತಂತಿಜಾಲ · 1:52
ಆಗುವುದಿಲ್ಲ. ಅದು ನಿಮ್ಮನ್ನು ಯಾರದೋ ಮನೆಗೆ ಕರೆದೊಯ್ಯುತ್ತದೆ, ಮೇಡಂ ಹೋಗಬೇಕಾಗಿರುವುದು ತಮ್ಮದೇ ಕಚೇರಿಗೆ.

ಗುಡ್ಡದ_ಗಾಳಿ · 2:04
ಅಷ್ಟಕ್ಕೂ ಭಾರತದಲ್ಲಿ ವಿಪಿಎನ್ ನಿಷೇಧವಾಗಿದೆ. 2022ರಲ್ಲೇ. ಫೈಬರ್‌ನವರು ತಡೆದಿರಬಹುದು.

ವೈಟ್‌ಫೀಲ್ಡ್_ವಾಸಿ · 2:11
ನಿಷೇಧವಾಗಿಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ ಹೇಳಿದ್ದು, ಸಾರ್ವಜನಿಕರಿಗೆ ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದು. ಅದಕ್ಕೊಪ್ಪದ ಕೆಲವು ವಿದೇಶಿ ಕಂಪನಿಗಳು ಇಲ್ಲಿದ್ದ ಸರ್ವರ್‌ಗಳನ್ನು ಎತ್ತಿಕೊಂಡು ಹೋದವು. ಕಚೇರಿಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲವೆಂದು ಆಮೇಲೆ ಅವರೇ ಸ್ಪಷ್ಟಪಡಿಸಿದರು. ಅರ್ಧ ಓದಿ ಊರಿಗೆಲ್ಲ ಹೇಳಬೇಡಿ.

ದುಬೈ_ದಾರಿ · 2:40
ನಮ್ಮಲ್ಲೂ ಇದೇ ಗುಲ್ಲು ಎಬ್ಬಿಸುತ್ತಾರೆ. ಯುಎಇಯಲ್ಲಿ ವಿಪಿಎನ್ ಬಳಸಿ ಅಪರಾಧ ಮಾಡಿದರೆ ಅಥವಾ ಮುಚ್ಚಿಟ್ಟರೆ 5 ಲಕ್ಷ ದಿರ್ಹಮ್‌ನಿಂದ ದಂಡ ಶುರು, 2016ರ ತಿದ್ದುಪಡಿಯಲ್ಲಿ ಬಂದದ್ದು ಅದು. ಕಂಪನಿ, ಬ್ಯಾಂಕ್‌ಗಳು ಒಳಗಿನ ಕೆಲಸಕ್ಕೆ ಬಳಸಲು ಅಡ್ಡಿಯಿಲ್ಲ. ನಾನು ದಿನಾ ಬಳಸುತ್ತೇನೆ, ದಿನಾ ಒಮ್ಮೆ ಬೀಳುತ್ತದೆ.

ನಿರ್ವಾಹಕ · 2:45
ಮೇಡಂ ಅವರ ಪ್ರಶ್ನೆಗೆ ಮರಳೋಣ. 20ನೇ ತಾರೀಖು ಹತ್ತಿರವಿದೆ.

ತಂತಿಜಾಲ · 3:02
ಮರಳಿದೆ. ಮೇಡಂ, ಬೆಳಿಗ್ಗೆಯೇ ಕೇಳಬೇಕಿತ್ತು. ಹಳೆಯ ಇಂಟರ್ನೆಟ್ ಇದ್ದಾಗ ಬೆಂಗಳೂರಿನ ಫೋಲ್ಡರ್ ತೆರೆಯುವ ಮೊದಲು ಈ ಐಕಾನ್ ಒತ್ತುತ್ತಿದ್ದಿರಾ?

ಲೆಕ್ಕದ_ಪುಸ್ತಕ · 3:15
ಇಲ್ಲ! ಕಚೇರಿಯಲ್ಲಿ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಕಂಪ್ಯೂಟರ್ ಹಾಕಿದರೆ ಫೋಲ್ಡರ್ ಇರುತ್ತಿತ್ತು. ಐಕಾನ್ ಒತ್ತಲು ಹೇಳಿದ್ದು ಬೆಂಗಳೂರಿನ ಹೊಸಬರು.

ತಂತಿಜಾಲ · 3:17
ಪ್ರಿಂಟರ್ ಮೇಲೆ ಚೀಟಿ ಏನಾದರೂ ಅಂಟಿಸಿದೆಯೇ? ಅಂಕಿಗಳಿರುವ ಚೀಟಿ.

ರೀಸ್ಟಾರ್ಟ್_ರಾಯರು · 3:18
ಪ್ರಿಂಟರ್ ಬೇರೆ ಕಥೆ ಎಂದರಲ್ಲ ಅವರು.

ಲೆಕ್ಕದ_ಪುಸ್ತಕ · 3:29
ಇದೆ. ಅರ್ಧ ಹರಿದಿದೆ. 192.168.20.50.

ತಂತಿಜಾಲ · 3:30
ಈಗ ನಿಮ್ಮ ಕಂಪ್ಯೂಟರ್‌ನ ಕಪ್ಪು ಕಿಟಕಿ (ಕಮಾಂಡ್ ಪ್ರಾಂಪ್ಟ್) ತೆರೆದು ಐಪಿಕಾನ್ಫಿಗ್ ಎಂದು ಹೊಡೆಯಿರಿ. ಏನು ವಿಳಾಸ ತೋರಿಸುತ್ತದೆ?

ಲೆಕ್ಕದ_ಪುಸ್ತಕ · 3:36
192.168.1.7

ತಂತಿಜಾಲ · 3:49
ಬೇರೆ ಕಥೆಯಲ್ಲ, ಅದೇ ಕಥೆ. ಪ್ರಿಂಟರ್ 20ರ ಬೀದಿಯಲ್ಲಿದೆ, ನೀವೆಲ್ಲ ಮೂರು ದಿನದಿಂದ 1ರ ಬೀದಿಯಲ್ಲಿದ್ದೀರಿ. ಅದಕ್ಕೆ ನಿಮ್ಮ ಕೂಗು ಕೇಳಿಸುತ್ತಿಲ್ಲ, ಅಷ್ಟೇ. ರಿಪೇರಿಯವರಿಗೆ ದುಡ್ಡು ಕೊಡಬೇಡಿ.

ಮೊದಲು ನಿಮಗೆ 20ರ ವಿಳಾಸ ಹಂಚುತ್ತಿದ್ದುದು ಬೇರೊಂದು ಡಬ್ಬಿ. ಬೆಂಗಳೂರಿಗೆ ಸುರಂಗ ಕೊರೆದಿಟ್ಟಿದ್ದುದೂ ಅದೇ. ಇಡೀ ಕಚೇರಿಗೆ ಒಂದೇ ಸುರಂಗ ಇದ್ದುದರಿಂದ ಯಾರೂ ಏನೂ ಒತ್ತಬೇಕಾಗಿರಲಿಲ್ಲ. ಫೈಬರ್ ಹಾಕಲು ಬಂದ ಹುಡುಗರು ಹಳೆಯ ರೂಟರ್ ಎಂದುಕೊಂಡು ಅದನ್ನು ಬಿಚ್ಚಿದ್ದಾರೆ. ಅದು ಈಗ ಎಲ್ಲಿದೆ?

ಲೆಕ್ಕದ_ಪುಸ್ತಕ · 4:20
ಅಯ್ಯೋ. ಅಟೆಂಡರ್ ಅವರನ್ನು ಕೇಳಿದೆ. ಕುಡಿಯುವ ನೀರಿನ 20 ಲೀಟರ್ ಕ್ಯಾನ್‌ನ ಸ್ಟ್ಯಾಂಡ್ ಓಲಾಡುತ್ತಿತ್ತಂತೆ, ಗಟ್ಟಿಯಾದ ವಸ್ತು ಎಂದು ಅದರ ಒಂದು ಕಾಲಿನ ಕೆಳಗೆ ಇಟ್ಟಿದ್ದಾರೆ. ಕಪ್ಪು ಕಬ್ಬಿಣದ ಡಬ್ಬಿ, ಐದು ತೂತು, ಆ್ಯಂಟೆನಾ ಇಲ್ಲ. ಮೇಲೆ ‘ಶಾಖೆ-2’ ಎಂದು ಮಾರ್ಕರ್‌ನಲ್ಲಿ ಬರೆದಿದೆ.

ಹನ್ನೆರಡು_ಮೇಜು · 4:21
ಒದ್ದೆಯಾಗಿದೆಯೇ?

ಲೆಕ್ಕದ_ಪುಸ್ತಕ · 4:26
ಮೇಲೆ ಎರಡು ಹನಿ. ಒರೆಸಿ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಇಲ್ಲಿ ಬಿಸಿಲು ಕಾಣದೆ ವಾರವಾಯಿತು, ಫ್ಯಾನ್ ಹಾಕಿದ್ದೇನೆ.

ಕರಾವಳಿ_ಕಂಪ್ಯೂಟರ್ · 4:33
ಇವತ್ತು ಕರೆಂಟ್ ಕೊಡಬೇಡಿ. ರಾತ್ರಿಯಿಡೀ ಒಣಗಲಿ. ಅಡಾಪ್ಟರ್ ಹಳೆಯದೇ ಬೇಕು, ಕೈಗೆ ಸಿಕ್ಕಿದ ಅಡಾಪ್ಟರ್ ಚುಚ್ಚಬೇಡಿ. ನನ್ನ ಅಂಗಡಿಗೆ ಬರುವ ಸುಟ್ಟ ರೂಟರ್‌ಗಳಲ್ಲಿ ಬಹುಪಾಲು ಹಾಗೆ ಸತ್ತವು.

ತಂತಿಜಾಲ · 4:41
ನಾಳೆ ಬೆಳಿಗ್ಗೆ: ಫೈಬರ್ ರೂಟರ್‌ನ ಲ್ಯಾನ್ ತೂತಿನಿಂದ ಒಂದು ಕೇಬಲ್ ಈ ಡಬ್ಬಿಯ ಮೊದಲನೇ ತೂತಿಗೆ. ಐದು ಕಂಪ್ಯೂಟರ್‌ಗಳನ್ನು ಜೋಡಿಸಿರುವ ನೆಟ್‌ವರ್ಕ್ ಸ್ವಿಚ್‌ನ ಕೇಬಲ್ ಡಬ್ಬಿಯ ಎರಡನೆಯದಕ್ಕೆ. ಕಂಪ್ಯೂಟರ್‌ಗಳು ನೇರವಾಗಿ ಫೈಬರ್ ರೂಟರ್‌ಗೆ ಹೋಗಬಾರದು.

ಅಷ್ಟಕ್ಕೇ ಸುರಂಗ ಏಳುವುದಿಲ್ಲ ಎಂಬುದು ನನ್ನ ಅನುಮಾನ. ಹಳೆಯ ಸಂಪರ್ಕದಲ್ಲಿ ನಿಮಗೆ ಸ್ಥಿರ ಐಪಿ, ಅಂದರೆ ಬದಲಾಗದ ವಿಳಾಸ, ಇದ್ದಿರಬೇಕು, ಬೆಂಗಳೂರಿನ ಕಡೆ ಆ ಅಂಕಿಯನ್ನೇ ಗುರುತಾಗಿ ಬರೆದಿಟ್ಟಿರುತ್ತಾರೆ. ಹೊಸ ಫೈಬರ್ ರೂಟರ್‌ನ ಒಳಗೆ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವು ಕಂಪನಿಯ ದೊಡ್ಡ ನ್ಯಾಟ್‌ನ ಹಿಂದೆ ಇದ್ದೀರಿ, ಊರಿನ ಅರ್ಧ ಜನರೊಂದಿಗೆ ಒಂದೇ ವಿಳಾಸ. ಬೆಂಗಳೂರಿನ ಹೊಸಬರಿಗೆ ಹೇಳಿ: ಶಾಖೆ-2ರ ಗುರುತನ್ನು ಐಪಿಯಿಂದ ಹೆಸರಿಗೆ ಬದಲಿಸಬೇಕು, ಕರೆ ಯಾವಾಗಲೂ ಸಾಗರದ ಕಡೆಯಿಂದಲೇ ಹೋಗಬೇಕು, 500 ಮತ್ತು 4500ನೇ ಯುಡಿಪಿ ಪೋರ್ಟ್‌ಗಳು ಅಲ್ಲಿ ತೆರೆದಿರಬೇಕು.

ಸರಳ_ದಾರಿ · 4:50
ಪಿಪಿಟಿಪಿ ಆಗಿದ್ದರೆ ಇಷ್ಟೊತ್ತಿಗೆ ಮುಗಿದಿರುತ್ತಿತ್ತು.

ತಂತಿಜಾಲ · 4:51
ಹೌದು, ಎಲ್ಲವೂ ಮುಗಿದಿರುತ್ತಿತ್ತು.

ಲೆಕ್ಕದ_ಪುಸ್ತಕ · ಜೂನ್ 18, ಬೆಳಿಗ್ಗೆ 11:35
ಡಬ್ಬಿ ಬದುಕಿದೆ! ದೀಪಗಳೆಲ್ಲ ಹತ್ತಿದವು. ಪ್ರಿಂಟರ್ ತಾನಾಗಿಯೇ ಮೂರು ದಿನದ ಬಾಕಿಯನ್ನೆಲ್ಲ ಮುದ್ರಿಸಲು ಶುರುಮಾಡಿತು, ನಾವು ಹೌಹಾರಿದೆವು. ನೀವು ಹೇಳಿದ ಹಾಗೆ 100ರ ವಿಳಾಸವೇ ಇತ್ತು. ಬೆಂಗಳೂರಿನ ಹೊಸಬರಿಗೆ ನಿಮ್ಮ ಮಾತನ್ನೇ ಓದಿ ಹೇಳಿದೆ. ‘ಶಾಖೆ-2 ಕೆಂಪಗಿತ್ತು, ಅದು ಮುಚ್ಚಿದ ಶಾಖೆ ಎಂದುಕೊಂಡಿದ್ದೆ’ ಎಂದರು!! ಗುರುತು ಬದಲಿಸಿದ ಮೇಲೆ ಫೋಲ್ಡರ್ ಕಾಣಿಸಿತು, ಐದೂ ಕಂಪ್ಯೂಟರ್‌ಗಳಲ್ಲಿ.

ಆದರೆ ಹೊಸ ವಿಚಿತ್ರ. ಫೈಲುಗಳ ಹೆಸರು ಕಾಣುತ್ತವೆ, ತೆರೆಯಲು ಹೋದರೆ ಗಕ್ಕನೆ ನಿಲ್ಲುತ್ತದೆ. ಎರಡು ಸಾಲಿನ ಸಣ್ಣ ಫೈಲ್ ತೆರೆಯುತ್ತದೆ, ದೊಡ್ಡ ಎಕ್ಸೆಲ್ ಇಲ್ಲ. ಸರ್ವರ್ ಓಗೊಡುತ್ತದೆಯೇ ಎಂದು ಕೂಗಿ ನೋಡುವ ಪಿಂಗ್‌ಗೆ ಉತ್ತರ ಸರಿಯಾಗಿ ಬರುತ್ತದೆ.

ರೀಸ್ಟಾರ್ಟ್_ರಾಯರು · 11:36
ಈಗಲಾದರೂ ಒಮ್ಮೆ...

ವೈಟ್‌ಫೀಲ್ಡ್_ವಾಸಿ · 11:44
ಎಂಟಿಯು! ಒಮ್ಮೆಗೆ ದಾಟಬಲ್ಲ ಪೊಟ್ಟಣದ ಗರಿಷ್ಠ ಗಾತ್ರ ಅದು. ಸಣ್ಣದು ಹೋಗುತ್ತದೆ, ದೊಡ್ಡದು ಸಿಕ್ಕಿಹಾಕಿಕೊಳ್ಳುತ್ತದೆ ಎಂದರೆ ಬೇರೆ ಹುಡುಕಲೇಬೇಡಿ. ಪಿಂಗ್ ಸಾಮಾನ್ಯವಾಗಿ ಕಳಿಸುವುದು ಪುಟ್ಟ ಪೊಟ್ಟಣ, ಅದು ಬರುತ್ತದೆ ಎಂದು ನಂಬಬೇಡಿ. ಪಿಂಗ್‌ಗೆ ಮೈನಸ್ ಎಫ್ ಸೇರಿಸಿ, ತುಂಡು ಮಾಡಬೇಡ ಎಂದು ಅದರರ್ಥ. ಆಮೇಲೆ ಮೈನಸ್ ಎಲ್ ಮತ್ತು ಗಾತ್ರ. 1472ರಿಂದ ಶುರುಮಾಡಿ, ಉತ್ತರ ಬರುವವರೆಗೆ ಇಳಿಸುತ್ತಾ ಹೋಗಿ.

ಲೆಕ್ಕದ_ಪುಸ್ತಕ · ಮಧ್ಯಾಹ್ನ 12:20
ಲೆಕ್ಕದವರಿಗೆ ಇಂಥ ಕೆಲಸ ಕೊಟ್ಟರೆ ಬಿಡುತ್ತೇವೆಯೇ? 1394 ಹೋಗುತ್ತದೆ. 1395 ಹೋಗುವುದಿಲ್ಲ.

ತಂತಿಜಾಲ · 12:31
ಇಷ್ಟು ನಿಖರವಾಗಿ ಯಾರೂ ಹೇಳಿದ್ದಿಲ್ಲ ಮೇಡಂ. 1394ಕ್ಕೆ ತಲೆಬರಹದ 28 ಸೇರಿಸಿದರೆ 1422. ಹೊಸ ಫೈಬರ್ ಪಿಪಿಪಿಒಇ ಎಂಬ ಬಗೆಯ ಸಂಪರ್ಕ, ಅದರ ಮಿತಿ 1500 ಅಲ್ಲ, 1492. ಉಳಿದ 70 ಬೈಟ್ ಐಪಿಸೆಕ್ ಹೊದಿಸುವ ಲಕೋಟೆಗೆ ಹೋಯಿತು. ಮೊದಲು ದೊಡ್ಡ ಪೊಟ್ಟಣಗಳು ಎರಡು ತುಂಡಾಗಿ ಹೋಗಿ ಅಲ್ಲಿ ಕೂಡಿಕೊಳ್ಳುತ್ತಿದ್ದವು. ಈಗ ದಾರಿಯಲ್ಲಿ ಯಾರೋ ತುಂಡುಗಳನ್ನು ಬಿಸಾಡುತ್ತಿದ್ದಾರೆ. ಡಬ್ಬಿಯಲ್ಲಿ ಟಿಸಿಪಿ ಎಂಎಸ್‌ಎಸ್ ಅನ್ನು, ಅಂದರೆ ಒಂದು ಪೊಟ್ಟಣದಲ್ಲಿ ತುಂಬುವ ಸರಕಿನ ಮಿತಿಯನ್ನು, 1350ಕ್ಕೆ ಕಟ್ಟಿಹಾಕಲು ಬೆಂಗಳೂರಿನವರಿಗೆ ಹೇಳಿ. ಸುರಂಗ ಎದ್ದಿರುವುದರಿಂದ ಅಲ್ಲಿಂದಲೇ ಮಾಡಬಹುದು. 1422ರಲ್ಲಿ ಟಿಸಿಪಿ, ಐಪಿ ತಲೆಬರಹಗಳ 40 ಕಳೆದರೆ 1382ರವರೆಗೆ ಹೋಗಬಹುದು, ಸ್ವಲ್ಪ ಸಡಿಲ ಇರಲಿ.

ನುಡಿಗಾರ · 12:40
‘ಪೊಟ್ಟಣ’, ‘ಲಕೋಟೆ’, ‘ತಲೆಬರಹ’. ನನ್ನ ಅಗತ್ಯವೇ ಇಲ್ಲ ಇಲ್ಲಿ.

ಹನ್ನೆರಡು_ಮೇಜು · 12:58
ನಮ್ಮ ಹಳೆಯ ಕಚೇರಿಯ ಕಥೆಯನ್ನೂ ಹಾಕಿಬಿಡುತ್ತೇನೆ. ಒಂದು ಬೆಳಿಗ್ಗೆ ಎಲ್ಲರ ಓಪನ್‌ವಿಪಿಎನ್ ಒಟ್ಟಿಗೆ ನಿಂತಿತು. ಯಾರೂ ಏನನ್ನೂ ಮುಟ್ಟಿರಲಿಲ್ಲ. ಸರ್ಟಿಫಿಕೇಟ್ ಅವಧಿ ನೋಡಿದರೆ ಇನ್ನೂ ವರ್ಷಗಟ್ಟಲೆ ಇತ್ತು. ಕೊನೆಗೆ ಸಿಕ್ಕಿದ್ದೇನೆಂದರೆ, ಕೆಲಸ ಬಿಟ್ಟವರ ಸರ್ಟಿಫಿಕೇಟ್ ರದ್ದು ಮಾಡಿದ ಪಟ್ಟಿಗೂ ಒಂದು ಅವಧಿ ಇರುತ್ತದೆ. ಸರ್ಟಿಫಿಕೇಟ್ ತಯಾರಿಸುವ ಈಸಿ-ಆರ್‌ಎಸ್‌ಎ ಎಂಬ ತಂತ್ರಾಂಶ ಮೂಲದಲ್ಲಿ ಇಡುವುದು 180 ದಿನ. ಓಪನ್‌ವಿಪಿಎನ್ 2.4 ಬಂದ ಮೇಲೆ ಆ ಪಟ್ಟಿ ಹಳಸಿದ್ದರೆ ಯಾರನ್ನೂ ಒಳಗೆ ಬಿಡುವುದಿಲ್ಲ. ಒಬ್ಬರು ರಾಜೀನಾಮೆ ಕೊಟ್ಟು ಆರು ತಿಂಗಳಿಗೆ ಸರಿಯಾಗಿ ಇಡೀ ಕಚೇರಿ ಹೊರಗೆ.

ದುಬೈ_ದಾರಿ · 1:05
ಶಾಪ ಎಂದರೆ ಇದು.

ಹೊಸಬ_ಹಾಸನ · 3:40
ನನಗೂ ಇದೇ ತೊಂದರೆ. 691 ಎಂದು ಬರುತ್ತದೆ. ಡಬ್ಬಿ ಎಲ್ಲಿ ಹುಡುಕಲಿ?

ತಂತಿಜಾಲ · 3:42
691 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಕ್ಯಾಪ್ಸ್ ಲಾಕ್ ನೋಡಿ.

ಹೊಸಬ_ಹಾಸನ · 3:45
ಆಯಿತು. ಧನ್ಯವಾದ.

ಲೆಕ್ಕದ_ಪುಸ್ತಕ · ಸಂಜೆ 5:52
ಎಲ್ಲ ತೆರೆಯುತ್ತಿದೆ. ಅತ್ಯಂತ ದೊಡ್ಡ ಮಂಡಿಯವರ ಎಕ್ಸೆಲ್ ಕೂಡ. ಐವರೂ ಒಟ್ಟಿಗೆ ಕೂತಿದ್ದೇವೆ, ಸರದಿ ಇಲ್ಲ. ಡಬ್ಬಿಯನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿ ‘ಇದು ಬೆಂಗಳೂರಿನ ದಾರಿ, ಕೀಳಬೇಡಿ’ ಎಂದು ದೊಡ್ಡದಾಗಿ ಬರೆದು ಅಂಟಿಸಿದ್ದೇವೆ. ಪ್ರಿಂಟರ್ ರಿಪೇರಿಯವರು ಮಧ್ಯಾಹ್ನ ಬಂದು ನೋಡಿ, ಸರಿಯಾಗಿದೆ ಎಂದು ಹೇಳಿ, ಬಂದದ್ದಕ್ಕೆ 300 ರೂಪಾಯಿ ತೆಗೆದುಕೊಂಡು ಹೋದರು. ತಂತಿಜಾಲ ಅವರೇ, ಸಾಗರಕ್ಕೆ ಬಂದರೆ ಊಟಕ್ಕೆ ಬರಲೇಬೇಕು.

ರೀಸ್ಟಾರ್ಟ್_ರಾಯರು · 5:58
ನೀರಿನ ಸ್ಟ್ಯಾಂಡ್ ಏನಾಯಿತು ಮೇಡಂ?

ಲೆಕ್ಕದ_ಪುಸ್ತಕ · 6:03
ಹಳೆಯ ಆದಾಯ ತೆರಿಗೆ ಕಾಯ್ದೆಯ ದಪ್ಪ ಪುಸ್ತಕ ಇಟ್ಟಿದ್ದೇವೆ. ದೊಡ್ಡ ಸರ್ ಇನ್ನೂ ನೋಡಿಲ್ಲ.